ನಗರಸಭೆಯವರು ರಸ್ತೆ ನೋಡೋಕೆ ಬರುತ್ತಾರಾ, ಇಲ್ಲ ಯಾರಾದರೂ ಬಿದ್ದ ಮೇಲೇ ಬರೋದಾ?

ಕೆರೆಬೀದಿ ಮಂಜು
ನಮ್ಮದು ತಾಲ್ಲೂಕು ಊರು. ನಗರಸಭೆ ಇದೆ. ಊರ ಹೆಸರು ಬೇಡ ಬಿಡಿ, ಯಾವ ಊರಾದರೂ ಕಥೆ ಇದೇ. ಹೋದ ವಾರ ನಮ್ಮ ಚಿಕ್ಕಪ್ಪ ಬೆಳಗ್ಗೆ ಹಾಲು ತರೋಕೆ ಹೋಗಿ ಗಾಡಿ ಸಮೇತ ಬಿದ್ದರು. ಕಾಲರ್ ಬೋನ್ ಮುರಿದಿದೆ. ಬಿದ್ದಿದ್ದು ಗುಂಡಿಗೆ ಅಂತಲೂ ಅಲ್ಲ. ಯುಜಿಡಿ, ಅಂದರೆ ಒಳಚರಂಡಿ ಚೇಂಬರ್ ಮುಚ್ಚಳ ರಸ್ತೆಗಿಂತ ಒಂದು ಗೇಣು ಕೆಳಗಿದೆ. ಮಳೆ ನೀರು ತುಂಬಿತ್ತು, ಕಾಣಿಸಲಿಲ್ಲ.

ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಜಗಳ ಏನೂ ಆಡಲಿಲ್ಲ, ಕೂರಿಸಿ ಮಾತಾಡಿಸಿದರು. ಆದರೆ ಹೇಳಿದ್ದು ಒಂದೇ ಮಾತು: "ಆ ಜಾಗದ ಬಗ್ಗೆ ಯಾರೂ ಕಂಪ್ಲೇಂಟ್ ಕೊಟ್ಟಿರಲಿಲ್ಲ." ಆ ಮಾತು ತಲೆಯಲ್ಲಿ ಕೊರೀತಾ ಇದೆ. ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗೋದೇ ಇಲ್ವಾ? ರಸ್ತೆ ನೋಡಿಕೊಂಡು ಬರೋದು ಯಾರಿಗಾದರೂ ಕೆಲಸ ಅಂತ ಇದೆಯಾ? ಎಷ್ಟು ದಿನಕ್ಕೊಮ್ಮೆ ನೋಡಬೇಕು? ನೋಡಿದ್ದನ್ನ ಎಲ್ಲಾದರೂ ಬರೆದಿಡುತ್ತಾರಾ? ಗೊತ್ತಿದ್ದವರು ಹೇಳಿ.

ಗುಂಡಿ ಗುಂಡಣ್ಣ
ನೋಡುತ್ತಾರೆ ನೋಡುತ್ತಾರೆ. ಮುಖ್ಯಮಂತ್ರಿ ಬರೋ ಹಿಂದಿನ ದಿನ.

ವಾಣಿ ಟೀಚರ್
ಮೊದಲು ಚಿಕ್ಕಪ್ಪ ಹೇಗಿದ್ದಾರೆ ಹೇಳಿ ಮಂಜು. ವಯಸ್ಸಾದವರಿಗೆ ಮೂಳೆ ಕೂಡೋದು ನಿಧಾನ. ನಮ್ಮ ಸ್ಕೂಲ್ ಮುಂದೆಯೂ ಇಂಥದೇ ಒಂದು ಚೇಂಬರ್ ಇದೆ. ಮಕ್ಕಳೇ ಅದರ ಸುತ್ತ ಕಲ್ಲು ಇಟ್ಟು, ಬೇವಿನ ಕೊಂಬೆ ಚುಚ್ಚಿದ್ದಾರೆ. ಹೊಸಬರಿಗೆ ಅದೇ ಬೋರ್ಡು.

ಮಲ್ನಾಡ್ ಶೆಟ್ರು
ಟೀಚರ್, ಕೊಂಬೆ ಚುಚ್ಚೋದು ರಾಜ್ಯಾದ್ಯಂತ ಇರುವ ಸ್ಟ್ಯಾಂಡರ್ಡ್ ಸಿಗ್ನಲ್ ಅಲ್ವಾ. ನಮ್ಮ ಕಡೆ ಅಡಿಕೆ ಸೋಗೆ.

ಹಳೇ ಎಇಇ
ಮಂಜು ಅವರೇ, ನಾನು ಸರ್ವೀಸ್ ಪೂರ್ತಿ ನಗರಸಭೆ, ಪುರಸಭೆಗಳಲ್ಲೇ ಕಳೆದ ಎಂಜಿನಿಯರ್. ನೇರವಾಗಿ ಹೇಳುತ್ತೇನೆ.

ಕರ್ನಾಟಕ ಪುರಸಭೆಗಳ ಕಾಯ್ದೆ 1964ರ 87ನೇ ಕಲಂನಲ್ಲಿ ಸಾರ್ವಜನಿಕ ಬೀದಿಗಳ ನಿರ್ವಹಣೆ ಕಡ್ಡಾಯ ಕೆಲಸ. ದುಡ್ಡಿದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ ಅನ್ನೋ ಪಟ್ಟಿಯಲ್ಲಿ ಅದು ಇಲ್ಲ. ಮಹಾನಗರ ಪಾಲಿಕೆಗಳಿಗೆ 1976ರ ಕಾಯ್ದೆ ಇದೆ, ಅಲ್ಲೂ ಇದೇ ಮಾತು. ಆದರೆ ವಾರಕ್ಕೊಮ್ಮೆ ನೋಡು, ತಿಂಗಳಿಗೊಮ್ಮೆ ನೋಡು ಅಂತ ಆ ಕಲಂ ಹೇಳುವುದಿಲ್ಲ.

ಹೇಗೆ ನೋಡಬೇಕು ಅನ್ನೋದಕ್ಕೆ ಪುಸ್ತಕ ಇದೆ. ರಸ್ತೆ ಕೆಲಸದ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ), ಅದರ ಐಆರ್‌ಸಿ 82, 2015ರಲ್ಲಿ ಪರಿಷ್ಕರಣೆ ಆಗಿದ್ದು. ಡಾಂಬರು ರಸ್ತೆಯಲ್ಲಿ ಬಿರುಕು ಎಷ್ಟು, ಗುಂಡಿ ಎಷ್ಟು, ಜಲ್ಲಿ ಎದ್ದಿರೋದು ಎಷ್ಟು, ಕುಸಿತ ಎಷ್ಟು ಅಂತ ಅಳೆದು ರಸ್ತೆಗೆ ದರ್ಜೆ ಕೊಡುವ ಕ್ರಮ ಅದರಲ್ಲಿದೆ. ನಗರದ ರಸ್ತೆಗಳಿಗೂ ಪ್ರತ್ಯೇಕ ಕೋಷ್ಟಕ ಇದೆ. ಪುಸ್ತಕ ಬೀರುವಿನಲ್ಲಿದೆ, ಬೀರುವಿನ ಕೀ ಯಾರ ಹತ್ತಿರ ಅಂತ ಕೇಳಬೇಡಿ.

ನಿಜದಲ್ಲಿ ಆಗೋದು ಹೀಗೆ. ಒಬ್ಬ ಜೆಇ (ಜೂನಿಯರ್ ಎಂಜಿನಿಯರ್) ಕೈಯಲ್ಲಿ ಹತ್ತಾರು ವಾರ್ಡ್ ಇರುತ್ತದೆ. ಅವನೇ ಎಸ್ಟಿಮೇಟ್ ಬರೆಯಬೇಕು, ಚರಂಡಿ ನೋಡಬೇಕು, ಕಟ್ಟಡದ ಲೈಸೆನ್ಸ್ ಸ್ಥಳ ನೋಡಬೇಕು, ಚುನಾವಣೆ ಬಂದರೆ ಅದಕ್ಕೂ ಓಡಬೇಕು. ಸೈಟಿಗೆ ಹೋಗುವಾಗ ಬರುವಾಗ ರಸ್ತೆ ಕಣ್ಣಿಗೆ ಬೀಳುತ್ತದೆ, ಅಷ್ಟೇ ತಪಾಸಣೆ. ಮಾಡಿದ ಕಾಮಗಾರಿಯ ಅಳತೆಯನ್ನ ಎಂ.ಬಿ. ಪುಸ್ತಕದಲ್ಲಿ ಕಟ್ಟುನಿಟ್ಟಾಗಿ ಬರೆಯುತ್ತೇವೆ, ಯಾಕೆಂದರೆ ಅದರ ಮೇಲೆ ಬಿಲ್ ಆಗುತ್ತದೆ. ರಸ್ತೆ ನೋಡಿ ಬಂದದ್ದಕ್ಕೆ ಬಿಲ್ ಇಲ್ಲ. ಹಾಗಾಗಿ ಯಾರೂ ಬರೆಯುವುದಿಲ್ಲ.

ಕೆರೆಬೀದಿ ಮಂಜು
ಸಾರ್ ತುಂಬಾ ಥ್ಯಾಂಕ್ಸ್. ಅಂದರೆ ಸುತ್ತು ಹಾಕೋಕೆ ತಾರೀಖಿಲ್ಲ, ನೋಡಿದ್ದಕ್ಕೆ ರಿಜಿಸ್ಟರ್ ಇಲ್ಲ. "ಯಾರೂ ಹೇಳಿರಲಿಲ್ಲ" ಅನ್ನೋದೇ ಉತ್ತರ ಆಗಿಬಿಡುತ್ತೆ.

ಟೀಚರ್, ಚಿಕ್ಕಪ್ಪ ಮನೆಗೆ ಬಂದಿದ್ದಾರೆ. ಕೈ ಜೋಳಿಗೆಯಲ್ಲಿದೆ. ಹಾಲಿನ ಕ್ಯಾನ್ ನಜ್ಜುಗುಜ್ಜಾಯ್ತು ಅನ್ನೋ ಚಿಂತೆಯೇ ಜಾಸ್ತಿ.

ರೈಡರ್ ರಘು
ಹೆಲ್ಮೆಟ್ ಇತ್ತಾ? ಬೆಳಗಿನ ಹೊತ್ತು ಹಾಲಿನವರು ಒಬ್ಬರಾದರೂ ಹಾಕೋದು ನೋಡಿಲ್ಲ ನಾನು. ಕ್ಯಾನ್ ಎರಡೂ ಕಡೆ ನೇತಾಡುತ್ತಿರುತ್ತೆ, ಬ್ಯಾಲೆನ್ಸ್ ಹೇಗೆ ಇರುತ್ತೆ? ಎಲ್ಲದಕ್ಕೂ ನಗರಸಭೆ ಬೈದರೆ ಆಗಲ್ಲ.

ವಾಣಿ ಟೀಚರ್
ರಘು, ಹೆಲ್ಮೆಟ್ ಹಾಕಿದರೆ ಕಾಲರ್ ಬೋನ್ ಉಳಿಯುತ್ತಿತ್ತಾ?

ರೈಡರ್ ರಘು
ಅದು ಸರಿ ಮೇಡಂ. ನಾನು ಹೇಳಿದ್ದು ಜನರಲ್ ಆಗಿ.

ಗುಂಡಿ ಗುಂಡಣ್ಣ
ಜನರಲ್ ಆಗಿ ಹೇಳೋರಿಂದಲೇ ಈ ದೇಶ ಇಲ್ಲಿಗೆ ಬಂದಿರೋದು ಗುರು.

ಯಾರ್ಕ್‌ಷೈರ್ ಗೌಡ
ಮೂಲ ಮಂಡ್ಯ, ಈಗ ಇಂಗ್ಲೆಂಡಿನ ಉತ್ತರ ಭಾಗದಲ್ಲಿದ್ದೇನೆ. ಇಲ್ಲಿ ಮಂಜು ಅವರ ಪ್ರಶ್ನೆಗೇ ಇಡೀ ವ್ಯವಸ್ಥೆ ನಿಂತಿದೆ, ಅದಕ್ಕೆ ಬರೆಯುತ್ತಿದ್ದೇನೆ. ಎನ್‌ಆರ್‌ಐ ಉಪದೇಶ ಅಂತ ಬೈಯಬೇಡಿ.

ಇಲ್ಲಿನ ಹೈವೇಸ್ ಆ್ಯಕ್ಟ್ 1980. ಅದರ 41ನೇ ಸೆಕ್ಷನ್ ಪ್ರಕಾರ ಸ್ಥಳೀಯ ರಸ್ತೆ ನಿರ್ವಹಣೆ ಕೌನ್ಸಿಲ್ (ನಮ್ಮ ನಗರಸಭೆ ಥರದ್ದು) ಹೊಣೆ. ಯಾರಾದರೂ ಬಿದ್ದು ಪರಿಹಾರ ಕೇಳಿದರೆ ಕೌನ್ಸಿಲ್‌ಗೆ ಇರುವ ಗುರಾಣಿ 58ನೇ ಸೆಕ್ಷನ್: "ನಾವು ಮಾಡಬೇಕಾದ ಎಚ್ಚರಿಕೆಯೆಲ್ಲ ಮಾಡಿದ್ದೆವು" ಅಂತ ಅವರೇ ಸಾಬೀತು ಮಾಡಬೇಕು. ಹೇಗೆ ಸಾಬೀತು ಮಾಡೋದು? ಯಾವ ತಾರೀಖು ಯಾವ ಇನ್‌ಸ್ಪೆಕ್ಟರ್ ಆ ರಸ್ತೆ ನೋಡಿದ, ಏನು ಕಂಡ, ಯಾವಾಗ ರಿಪೇರಿ ಆಯಿತು ಅನ್ನೋ ದಾಖಲೆ ತೋರಿಸಬೇಕು. ದಾಖಲೆ ಇಲ್ಲದಿದ್ದರೆ ಗುರಾಣಿಯೂ ಇಲ್ಲ. ಅದಕ್ಕೇ ಇಲ್ಲಿ ಹೈವೇ ಇನ್‌ಸ್ಪೆಕ್ಟರ್ ಅನ್ನೋದೇ ಒಂದು ಪೂರ್ಣಾವಧಿ ಕೆಲಸ. ಓಡಾಟ ಜಾಸ್ತಿ ಇರುವ ರಸ್ತೆ ತಿಂಗಳಿಗೊಮ್ಮೆ, ಗಲ್ಲಿ ರಸ್ತೆ ವರ್ಷಕ್ಕೊಮ್ಮೆ, ಹೀಗೆ ಪ್ರತಿ ಕೌನ್ಸಿಲ್ ತನ್ನ ಪಾಲಿಸಿ ಬರೆದು ಪ್ರಕಟ ಮಾಡುತ್ತದೆ. ಗುಂಡಿ ಸಾಮಾನ್ಯವಾಗಿ 40 ಮಿಲಿಮೀಟರ್ ಆಳ, ಫುಟ್‌ಪಾತ್‌ನಲ್ಲಿ 20 ಮಿಲಿಮೀಟರ್ ಏರುಪೇರು ಇದ್ದರೆ ಕ್ರಮ ಅಂತ ಬಹಳ ಕೌನ್ಸಿಲ್‌ಗಳು ಇಟ್ಟುಕೊಂಡಿವೆ. ಸುತ್ತ ಪೇಂಟಿನಿಂದ ಗೆರೆ ಎಳೆದು ಹೋಗುತ್ತಾರೆ, ಆಮೇಲೆ ರಿಪೇರಿಯವರು ಬರುತ್ತಾರೆ.

1961ರ ಕಾಯ್ದೆ ಬರೋವರೆಗೂ ಇಲ್ಲೂ ರಿಪೇರಿ ಮಾಡದೆ ಬಿಟ್ಟಿದ್ದಕ್ಕೆ ಕೇಸ್ ಹಾಕೋ ಹಾಗೇ ಇರಲಿಲ್ಲ. ತಪ್ಪಾಗಿ ರಿಪೇರಿ ಮಾಡಿದ್ದರೆ ಮಾತ್ರ. ಕಾನೂನು ಬದಲಾಯಿತು, ರಿಜಿಸ್ಟರ್ ಹುಟ್ಟಿತು.

ಎರೆಮಣ್ಣು
ಗೌಡ್ರೇ, ಹಂಗಾದ್ರೆ ಅಲ್ಲಿ ಗುಂಡಿನೇ ಇಲ್ಲೇನ್ರೀ?

ಯಾರ್ಕ್‌ಷೈರ್ ಗೌಡ
ಬೇಕಾದಷ್ಟಿವೆ ಸರ್! ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ಥಳೀಯ ರಸ್ತೆಗಳ ಬಾಕಿ ರಿಪೇರಿಗೆ 1,600 ಕೋಟಿ ಪೌಂಡಿಗಿಂತ ಜಾಸ್ತಿ ಬೇಕು ಅಂತ ಡಾಂಬರು ಉದ್ಯಮದವರ 2025ರ ಸಮೀಕ್ಷೆ ಹೇಳಿತ್ತು. ನನ್ನ ಕಾರಿನ ಟೈರೂ ಒಂದು ಹೋಗಿದೆ. ಪರಿಹಾರ ಕೇಳಿ ಬರೆದೆ. ಮೂರು ವಾರದ ಹಿಂದೆ ನೋಡಿದ್ದೆವು, ಆಗ ಗುಂಡಿ ಇರಲಿಲ್ಲ ಅಂತ ತಪಾಸಣೆಯ ನಕಲು ಕಳಿಸಿ ಕೈ ತೊಳೆದುಕೊಂಡರು. ಆದರೆ ಆ ನಕಲು ಕಳಿಸೋಕೆ ಮೂರು ವಾರದ ಹಿಂದೆ ಯಾರೋ ಒಬ್ಬ ಬಂದು ನೋಡಲೇಬೇಕಾಗಿತ್ತು ಅಲ್ವಾ. ನಾನು ಹೇಳೋದು ಅಷ್ಟೇ.

ಮಲ್ನಾಡ್ ಶೆಟ್ರು
ಓದೋಕೆ ಚೆಂದ. ನಮ್ಮಲ್ಲಿ ರಿಜಿಸ್ಟರ್ ಮಾಡಿಸಿದರೆ ಆಫೀಸಲ್ಲೇ ಕೂತು ಒಂದು ವರ್ಷದ ಸಹಿ ಒಂದೇ ಪೆನ್ನಲ್ಲಿ ಹಾಕುತ್ತಾರೆ. ಸಾರ್ವಜನಿಕ ಶೌಚಾಲಯದ ಗೋಡೆಗೆ ನೇತು ಹಾಕಿರೋ ಕ್ಲೀನಿಂಗ್ ಚಾರ್ಟ್ ನೋಡಿದ್ದೀರಾ? ಮುಂದಿನ ವಾರದ ಸಹಿಯೂ ಇರುತ್ತೆ.

ಹಳೇ ಎಇಇ
ಶೆಟ್ಟರೇ, ಸುಳ್ಳು ಸಹಿ ಹಾಕಿದರೂ ನಿಮಗೆ ಲಾಭವೇ. "ದಿನಾಂಕ ಇಂತಿಷ್ಟು ನೋಡಿದೆ, ಸರಿ ಇದೆ" ಅಂತ ಬರೆದ ಮಾರನೇ ದಿನ ಆ ಜಾಗದ ಗುಂಡಿಯ ಫೋಟೋ ತೋರಿಸಿದರೆ ಅವನು ಸಿಕ್ಕಿಬೀಳುತ್ತಾನೆ. ಈಗ ಏನೂ ಬರೆಯದೆ ಇರುವವನು ಯಾವುದಕ್ಕೂ ಸಿಕ್ಕುವುದಿಲ್ಲ.

ಕಪ್ಪು ಕೋಟು
ನಾನು ವಕೀಲೆ. ಗೌಡರು ಹೇಳಿದ 58ನೇ ಸೆಕ್ಷನ್ ಓದಿ ನಗು ಬಂತು, ಯಾಕೆಂದರೆ ಅದು ನಮ್ಮಲ್ಲೂ ಇದೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತು. ಹೆಲ್ಮೆಟ್ ದಂಡ ಜಾಸ್ತಿ ಆಯಿತು ಅಂತ ಊರೆಲ್ಲ ಗಲಾಟೆ ಆಯಿತು. ಅದೇ ತಿದ್ದುಪಡಿಯಲ್ಲಿ 198ಎ ಅಂತ ಒಂದು ಹೊಸ ಸೆಕ್ಷನ್ ಬಂತು, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ, ಹೊಣೆ ಇರುವ ಪ್ರಾಧಿಕಾರಕ್ಕೆ, ಕಂಟ್ರಾಕ್ಟರ್‌ಗೆ, ಕನ್ಸಲ್ಟೆಂಟ್‌ಗೆ 1 ಲಕ್ಷ ರೂಪಾಯಿವರೆಗೆ ದಂಡ.

ಕೋರ್ಟು ಏನೇನು ಗಮನಿಸಬೇಕು ಅಂತಲೂ ಅದರಲ್ಲಿದೆ. ಅದು ಎಂಥ ರಸ್ತೆ, ಎಂಥ ವಾಹನ ಓಡಾಡುತ್ತವೆ. ಅಂಥ ರಸ್ತೆಗೆ ಎಷ್ಟು ನಿರ್ವಹಣೆ ಇರಬೇಕಿತ್ತು. ಓಡಾಡುವವರು ಎಂಥ ಸ್ಥಿತಿ ನಿರೀಕ್ಷಿಸುತ್ತಾರೆ. ಅಪಾಯ ಇದೆ ಅಂತ ಪ್ರಾಧಿಕಾರಕ್ಕೆ ಗೊತ್ತಿತ್ತಾ, ಅಥವಾ ಗೊತ್ತಿರಬೇಕಿತ್ತಾ. ರಿಪೇರಿಗೆ ಟೈಮ್ ಸಿಗದಿದ್ದರೆ ಎಚ್ಚರಿಕೆ ಫಲಕವಾದರೂ ಹಾಕಿದ್ದರಾ. ಇಂಗ್ಲೆಂಡಿನ 58ನೇ ಸೆಕ್ಷನ್ ಪಕ್ಕ ಇಟ್ಟು ಓದಿ. ಸಾಲಿಗೆ ಸಾಲು ಹೊಂದುತ್ತದೆ. ಅಲ್ಲಿ ಕೌನ್ಸಿಲ್‌ಗೆ ಅದು ಬಚಾವಾಗುವ ದಾರಿ, ಇಲ್ಲಿ ದಂಡ ಹಾಕುವಾಗ ನೋಡಬೇಕಾದ ಪಟ್ಟಿ.

"ಗೊತ್ತಿರಬೇಕಿತ್ತಾ" ಅನ್ನೋ ಪ್ರಶ್ನೆ ಬಂದ ಮೇಲೆ "ಯಾರೂ ಹೇಳಿರಲಿಲ್ಲ" ಅನ್ನೋದು ಪೂರ್ತಿ ಉತ್ತರ ಅಲ್ಲ. ಮಂಜು ಅವರ ಚಿಕ್ಕಪ್ಪನ ಕೇಸಿಗೆ ಈ ಸೆಕ್ಷನ್ ನೇರವಾಗಿ ಬರೋದು ಕಷ್ಟ, ಮೂಳೆ ಕೂಡಿದರೆ ಅಂಗವೈಕಲ್ಯ ಅಂತ ಆಗಲ್ಲ. ಆದರೆ ತರ್ಕ ಎಲ್ಲ ಕಡೆ ಅದೇ.

ರೈಡರ್ ರಘು
1 ಲಕ್ಷ ದಂಡ ನಗರಸಭೆ ಕಟ್ಟಿದರೆ ನಮ್ಮ ಕಂದಾಯದ ದುಡ್ಡೇ ತಾನೇ ಹೋಗೋದು? ಜೆಇ ಜೇಬಿಂದ ಬರುತ್ತಾ?

ಕಪ್ಪು ಕೋಟು
ಒಳ್ಳೆ ಪ್ರಶ್ನೆ, ರಘು. ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಗುಂಡಿಯಿಂದ ಸತ್ತರೆ 6 ಲಕ್ಷ, ಗಾಯ ಆದರೆ 50 ಸಾವಿರದಿಂದ 2.5 ಲಕ್ಷ ಪರಿಹಾರ ಅಂತ ಆದೇಶ ಮಾಡಿತು. ಹಾಗೆ ಕೊಟ್ಟ ದುಡ್ಡನ್ನ ತಪ್ಪಿತಸ್ಥ ಅಧಿಕಾರಿ, ಕಂಟ್ರಾಕ್ಟರ್ ಕಡೆಯಿಂದ ವಸೂಲಿ ಮಾಡಿ ಅಂತಲೂ ಹೇಳಿದೆ. ಅದು ಮಹಾರಾಷ್ಟ್ರಕ್ಕೆ. ನಮ್ಮ ಹೈಕೋರ್ಟ್ 2019ರಲ್ಲೇ ಬೆಂಗಳೂರಿನ ಪ್ರಕರಣದಲ್ಲಿ, ಓಡಾಡುವಂಥ ರಸ್ತೆ ಇರೋದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ, ಗುಂಡಿಯಿಂದ ನೊಂದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಅಂದಿತ್ತು.

ಬಸವನಗುಡಿ ಬಾಬು
ಬೆಂಗಳೂರಿನ ಮಾತು ಬಂತು ಅಂತ ಬಂದೆ. 2025ರ ಸೆಪ್ಟೆಂಬರ್‌ನಿಂದ ನಮ್ಮದು ಒಂದಲ್ಲ, ಐದು ಪಾಲಿಕೆ. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹಳೇ ಬಿಬಿಎಂಪಿ ವ್ಯಾಪ್ತಿಯಲ್ಲೇ ಸುಮಾರು 13 ಸಾವಿರ ಕಿಲೋಮೀಟರ್ ರಸ್ತೆ ಇತ್ತು. ಇಷ್ಟನ್ನ ಕಣ್ಣಲ್ಲಿ ನೋಡಿ ಮುಗಿಸೋಕೆ ಎಷ್ಟು ಜನ ಬೇಕು ಲೆಕ್ಕ ಹಾಕಿ. ಹಳೇ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್ ಅಂತಲೂ ಯಾರಿಲ್ಲದೆ ಕಳೆದೆವು. ಮೊದಲು ವಾರ್ಡ್ ಮೆಂಬರ್ ಮನೆ ಬಾಗಿಲಿಗೆ ಹೋಗಿ ಕೂಗಾಡಬಹುದಿತ್ತು.

ವಾರ್ಡ್ ಮೆಂಬರ್ (ಮಾಜಿ)
ಕೂಗಾಡಿಸಿಕೊಂಡವನು ನಾನು, ಬೇರೆ ಊರಲ್ಲಿ. ಜನ ಬಂದು ಏನು ಕೇಳುತ್ತಾರೆ ಹೇಳಲಾ? "ನಮ್ಮ ಬೀದಿಗೆ ಹೊಸ ಸಿಸಿ ರೋಡ್ ಹಾಕಿಸಿ." ಇರೋ ರಸ್ತೆಯ ಬಿರುಕಿಗೆ ಡಾಂಬರು ಹಾಕಿಸಿ ಅಂತ ನನ್ನ ಅವಧಿಯಲ್ಲಿ ಒಬ್ಬರೂ ಕೇಳಲಿಲ್ಲ. ಹೊಸ ರಸ್ತೆಗೆ ಗುದ್ದಲಿ ಪೂಜೆ ಇದೆ, ಫ್ಲೆಕ್ಸ್ ಇದೆ, ತೆಂಗಿನಕಾಯಿ ಇದೆ. ಬಿರುಕು ಮುಚ್ಚೋದಕ್ಕೆ ಯಾವ ಶಾಸಕರು ಬಂದು ಪೂಜೆ ಮಾಡುತ್ತಾರೆ? ಕ್ರಿಯಾಯೋಜನೆ ಮಾಡುವಾಗ ವಾರ್ಡಿಗೆ ಇಷ್ಟು ಅಂತ ಸಮ ಪಾಲು ಹಂಚುತ್ತೇವೆ. ಯಾವ ವಾರ್ಡಿನ ರಸ್ತೆ ಜಾಸ್ತಿ ಹಾಳಾಗಿದೆ ಅಂತ ನೋಡಿ ಹಂಚಿದರೆ ಸಾಮಾನ್ಯ ಸಭೆಯಲ್ಲಿ ಕುರ್ಚಿ ಹಾರುತ್ತವೆ.

ವಾಣಿ ಟೀಚರ್
ಇಷ್ಟು ಪ್ರಾಮಾಣಿಕವಾಗಿ ಅವಧಿ ಇದ್ದಾಗಲೇ ಮಾತಾಡಬೇಕಿತ್ತು ಸರ್ 🙂

ವಾರ್ಡ್ ಮೆಂಬರ್ (ಮಾಜಿ)
ಆಗ ಮಾತಾಡಿದ್ದರೆ ಅವಧಿಗೆ ಮುಂಚೆಯೇ ಮಾಜಿ ಆಗುತ್ತಿದ್ದೆ ಮೇಡಂ.

ಎರೆಮಣ್ಣು
ನಮ್ಮ ಧಾರವಾಡದ ಕಡೆ ಇನ್ನೊಂದು ತಾಪತ್ರಯ. ಕೆಳಗೆ ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮೇಲಿನ ಡಾಂಬರು ಎಷ್ಟೇ ಚೊಲೊ ಇದ್ದರೂ ಉದ್ದುದ್ದ ಸೀಳು ಬಿಡುತ್ತದೆ. ಆ ಸೀಳಿನಲ್ಲಿ ನೀರು ಇಳಿದರೆ ಮುಗೀತು, ಮುಂದಿನ ಮಳೆಗೆ ಗುಂಡಿ. ಅದಕ್ಕೆ ರಸ್ತೆ ನೋಡೋ ಟೈಮ್ ಏಪ್ರಿಲ್, ಮೇ. ಬಿರುಕು ಎದ್ದು ಕಾಣೋದು ಆಗ. ಇವರು ನೋಡೋದು ಆಗಸ್ಟ್‌ನಲ್ಲಿ, ಗುಂಡಿಯೊಳಗೆ ಎಮ್ಮೆ ಕೂತ ಮೇಲೆ.

ಕುಡ್ಲ ಕಾಕ
ಅದಕ್ಕೇ ಮಾರಾಯ್ರೆ ನಮ್ಮ ಮಂಗಳೂರಲ್ಲಿ ಎಲ್ಲ ಕಾಂಕ್ರೀಟ್ ಮಾಡಿದ್ದು. ನಮ್ಮ ಮಳೆಗೆ ಡಾಂಬರು ನಿಲ್ಲುವುದಿಲ್ಲ.

ಮಲ್ನಾಡ್ ಶೆಟ್ರು
ಕಾಕಾ, ಕಾಂಕ್ರೀಟ್ ಹಾಕಿದ ಮೇಲೆ ಪೈಪ್ ಒಡೆದರೆ?

ಕುಡ್ಲ ಕಾಕ
ಒಡೆಯುತ್ತದೆ, ಮತ್ತೆಂತ. ಕತ್ತರಿಸಿ ಪೈಪ್ ಹಾಕಿ, ಮೇಲೆ ಇಂಟರ್‌ಲಾಕ್ ಜೋಡಿಸಿ ಹೋಗುತ್ತಾರೆ. ಅದು ಕೂತು ಹೋಗುತ್ತದೆ, ಅಲ್ಲಿ ಸ್ಕೂಟರು ಹಾರುತ್ತದೆ. ಕಾಂಕ್ರೀಟ್ ಅಂಚು ಡಾಂಬರಿಗಿಂತ ಅಪಾಯ, ಟೈರ್ ಸೀದಾ ಜಾರುತ್ತದೆ. ಸೈಡಿನ ಮಣ್ಣು ಕೊಚ್ಚಿ ಹೋದರೆ ರಸ್ತೆಯಿಂದ ಇಳಿಯುವುದೇ ಒಂದು ಸರ್ಕಸ್.

ಟಿಪ್ಪರ್ ತಮ್ಮಣ್ಣ
ಎಲ್ಲರೂ ಕಂಟ್ರಾಕ್ಟರ್‌ಗೆ ಬೈಯೋ ಮುಂಚೆ ನಾನೇ ಬಂದುಬಿಡುತ್ತೇನೆ. ಸಣ್ಣ ಕ್ಲಾಸ್ ಕಂಟ್ರಾಕ್ಟರ್ ನಾನು. ಗುಂಡಿ ಮುಚ್ಚೋದು ಹೇಗೆ ಅಂತ ನಮಗೂ ಗೊತ್ತು. ಗುಂಡಿ ಸುತ್ತ ಚೌಕಾಕಾರವಾಗಿ ನೇರ ಅಂಚು ಬರೋ ಹಾಗೆ ಕತ್ತರಿಸಬೇಕು. ಸಡಿಲ ಜಲ್ಲಿ, ಧೂಳು, ನೀರು ತೆಗೀಬೇಕು. ತಳಕ್ಕೂ ಅಂಚಿಗೂ ಎಮಲ್ಷನ್ (ತೆಳು ಡಾಂಬರು) ಬಳೀಬೇಕು. ಆಮೇಲೆ ಬಿಸಿ ಮಿಕ್ಸ್ ಪದರ ಪದರವಾಗಿ ಹಾಕಿ ಕುಟ್ಟಬೇಕು.

ಈಗ ಕಷ್ಟ ಕೇಳಿ. ಮಿಕ್ಸ್ ಪ್ಲಾಂಟಿನಿಂದ ಹೊರಡುವಾಗ 150 ಡಿಗ್ರಿ ಆಸುಪಾಸು ಇರುತ್ತೆ. ಒಂದು ಟಿಪ್ಪರ್ ಲೋಡಿಗಿಂತ ಕಮ್ಮಿ ಕೇಳಿದರೆ ಪ್ಲಾಂಟಿನವರು ಸ್ಟಾರ್ಟೇ ಮಾಡಲ್ಲ. ಅಷ್ಟು ತಂದರೆ ಒಂದು ಬೀದಿಯ ನಾಲ್ಕು ಗುಂಡಿ ಮುಗಿದು ಇನ್ನೊಂದು ಬೀದಿಗೆ ಹೋಗೋ ಹೊತ್ತಿಗೆ ಮಿಕ್ಸ್ ತಣ್ಣಗಾಗಿ ಗಟ್ಟಿ ಆಗಿರುತ್ತೆ. ತಣ್ಣಗಾದ ಮಿಕ್ಸ್ ಎಷ್ಟು ಕುಟ್ಟಿದರೂ ಕೂರಲ್ಲ. ಒಂದು ವಾರಕ್ಕೆ ಎದ್ದು ಬರುತ್ತೆ. ಮಳೆಯಲ್ಲಿ ಹಾಕೋ ರೆಡಿಮೇಡ್ ಕೋಲ್ಡ್ ಮಿಕ್ಸ್ ಮೂಟೆ ಇದೆ, ಅದಕ್ಕೂ ಐಆರ್‌ಸಿ 116 ಅಂತ ಸ್ಪೆಸಿಫಿಕೇಷನ್ ಇದೆ. ರೇಟು ಜಾಸ್ತಿ ಅಂತ ಎಸ್ಟಿಮೇಟಲ್ಲಿ ಬರೆಯಲ್ಲ.

ಬಿಲ್ ಯಾವಾಗ ಬರುತ್ತೆ ಅನ್ನೋದನ್ನ ಇಲ್ಲಿ ಬರೆದರೆ ಅಳು ಬರುತ್ತೆ. ಬೇಡ.

ಗುಂಡಿ ಗುಂಡಣ್ಣ
ತಮ್ಮಣ್ಣ, ಎಸ್ಟಿಮೇಟಿಗಿಂತ 20 ಪರ್ಸೆಂಟ್ ಕಮ್ಮಿಗೆ ಟೆಂಡರ್ ಹಾಕಿದವರೂ ನೀವೇ ಅಲ್ವಾ?

ಟಿಪ್ಪರ್ ತಮ್ಮಣ್ಣ
ಹಾಕದಿದ್ದರೆ ಪಕ್ಕದವನು 25 ಹಾಕುತ್ತಾನೆ ಅಣ್ಣ.

ಹಳೇ ಎಇಇ
ತಮ್ಮಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೊಸ ರಸ್ತೆಗೆ ಡಿಎಲ್‌ಪಿ ಅಂತ ಇರುತ್ತದೆ, ಅಂದರೆ ದೋಷ ಬಂದರೆ ಕಂಟ್ರಾಕ್ಟರ್ ಸ್ವಂತ ಖರ್ಚಲ್ಲಿ ಸರಿಮಾಡಬೇಕಾದ ಅವಧಿ. ಎಷ್ಟು ವರ್ಷ ಅನ್ನೋದು ಆಯಾ ಟೆಂಡರ್‌ನಲ್ಲೇ ಇರುತ್ತದೆ. ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ 5 ವರ್ಷ. ಆ ರಸ್ತೆ ಪಕ್ಕದ ಬೋರ್ಡಿನಲ್ಲೇ ಅದನ್ನ ಬರೆದಿರುತ್ತಾರೆ, ಯಾರೂ ಓದುವುದಿಲ್ಲ. ಎಷ್ಟೋ ಊರಲ್ಲಿ ಡಿಎಲ್‌ಪಿ ಒಳಗಿರುವ ರಸ್ತೆಯ ಗುಂಡಿಗೂ ಹೊಸದಾಗಿ ಪ್ಯಾಚ್ ವರ್ಕ್ ಟೆಂಡರ್ ಕರೆದು ದುಡ್ಡು ಕೊಡುತ್ತಾರೆ. ಯಾವ ರಸ್ತೆ ಯಾರು ಮಾಡಿದರು, ಡಿಎಲ್‌ಪಿ ಯಾವತ್ತಿನವರೆಗೆ ಅನ್ನೋ ಒಂದು ಪಟ್ಟಿ ಗೋಡೆಗೆ ಅಂಟಿಸಿದರೆ ಅರ್ಧ ಖರ್ಚು ಉಳಿಯುತ್ತದೆ.

ಪೆಂಡಾಲ್ ಪುಟ್ಟ
ಗುಂಡಿಗೆ ಬರೀ ಮಳೆ, ಮಣ್ಣು, ಕಂಟ್ರಾಕ್ಟರ್ ಅಂತೀರಲ್ಲ. ಗಣೇಶನ ಹಬ್ಬಕ್ಕೆ ರಸ್ತೆ ಮಧ್ಯ ಪೆಂಡಾಲ್ ಕಂಬಕ್ಕೆ ತೂತು ಹೊಡೀತೀವಲ್ಲ, ಅದನ್ನ ಯಾರಾದರೂ ಮುಚ್ಚುತ್ತಾರಾ? ಮದುವೆ ಶಾಮಿಯಾನ, ರಾಜ್ಯೋತ್ಸವದ ಆರ್ಚ್, ಚುನಾವಣೆ ವೇದಿಕೆ. ಆ ತೂತಲ್ಲಿ ನೀರು ಇಳಿದು ಆರು ತಿಂಗಳಿಗೆ ಬುಟ್ಟಿಯಷ್ಟು ಗುಂಡಿ. ನಾನೇ ಪೆಂಡಾಲ್ ಕೆಲಸ ಮಾಡೋನು, ಅದಕ್ಕೇ ಹೇಳುತ್ತಿದ್ದೇನೆ. ಈಗ ನಾವು ಮರಳು ತುಂಬಿದ ಡ್ರಮ್‌ನಲ್ಲಿ ಕಂಬ ನಿಲ್ಲಿಸುತ್ತೇವೆ. ಎಲ್ಲ ಕಡೆ ಅದನ್ನೇ ಕಡ್ಡಾಯ ಮಾಡಲಿ.

ರೈಡರ್ ರಘು
ಹಬ್ಬದ ವಿಷಯ ತಂದರೆ ಈ ಚರ್ಚೆ ಎಲ್ಲಿಗೋ ಹೋಗುತ್ತೆ ಪುಟ್ಟ, ಬಿಡಪ್ಪ.

ಪೆಂಡಾಲ್ ಪುಟ್ಟ
ದೇವರ ವಿಷಯ ಅಲ್ಲ ಅಣ್ಣ, ತೂತಿನ ವಿಷಯ.

ವಾಣಿ ಟೀಚರ್
ಹಂಪ್ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಬೀದಿಯಲ್ಲಿ ಎರಡು ಮನೆಗೊಂದು ಹಂಪ್. ಯಾರು ಹಾಕಿಸಿದರೋ. ಬಣ್ಣ ಇಲ್ಲ, ಬೋರ್ಡಿಲ್ಲ.

ಹಳೇ ಎಇಇ
ಮೇಡಂ, ಐಆರ್‌ಸಿ 99ರ ಪ್ರಕಾರ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ದುಂಡಗೆ ಇರಬೇಕು. ವಾಹನ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬೇಕು. ಮುಂಚೆ ಬೋರ್ಡು, ಮೇಲೆ ಬಣ್ಣದ ಪಟ್ಟೆ. ನಿಮ್ಮ ಬೀದಿಯಲ್ಲಿರೋದು ಒಂದು ಅಡಿ ಅಗಲದ ಕಟ್ಟೆ. ಉಳಿದ ಸಿಮೆಂಟಿನಲ್ಲಿ ಮನೆಯವರೇ ಕಟ್ಟಿಸಿಕೊಂಡಿರುತ್ತಾರೆ, ಮೇಸ್ತ್ರಿಗೆ ನೂರು ರೂಪಾಯಿ ಕೊಟ್ಟು. ಅದನ್ನ ಒಡೆಸೋಕೆ ಹೋದರೆ ವಾರ್ಡ್ ಮೆಂಬರ್ ಫೋನ್ ಬರುತ್ತದೆ.

ವಾರ್ಡ್ ಮೆಂಬರ್ (ಮಾಜಿ)
ನಾನು ಮಾಡಿಲ್ಲ ಸಾರ್ ಆ ಫೋನು.

ಕೆರೆಬೀದಿ ಮಂಜು
ಎಲ್ಲ ಓದುತ್ತಾ ಇದ್ದೇನೆ. ಇವತ್ತು ಮತ್ತೆ ಆಫೀಸಿಗೆ ಹೋಗಿದ್ದೆ. ಹೊಸ ಉತ್ತರ ಸಿಕ್ಕಿದೆ. ಆ ರಸ್ತೆ ನಗರಸಭೆಯದಲ್ಲವಂತೆ, ರಾಜ್ಯ ಹೆದ್ದಾರಿಯಂತೆ. ಚೇಂಬರ್ ಮಾತ್ರ ಯುಜಿಡಿ ಕಾಮಗಾರಿಯವರದ್ದಂತೆ. ರಸ್ತೆಯವರು ಡಾಂಬರು ಮೇಲೆ ಡಾಂಬರು ಹಾಕಿ ಎತ್ತರ ಮಾಡಿದ್ದು, ಚೇಂಬರ್ ಇದ್ದಲ್ಲೇ ಉಳಿದಿದ್ದು. ಯಾರ ಹತ್ತಿರ ಹೋಗಲಿ ಈಗ?

ಬಸವನಗುಡಿ ಬಾಬು
ಒಂದು ರಸ್ತೆಗೆ ಮೂರು ಯಜಮಾನರು. ಬೆಂಗಳೂರಿನ ನೆನಪಾಯಿತು. ನಮ್ಮಲ್ಲಿ ನೀರು, ಕರೆಂಟು, ಗ್ಯಾಸು, ಕೇಬಲ್ಲು ಎಲ್ಲರಿಗೂ ಅಗೆಯೋಕೆ ಒಂದೇ ಕಡೆ ಅನುಮತಿ ಸಿಗಲಿ ಅಂತ ಆನ್‌ಲೈನ್ ವ್ಯವಸ್ಥೆಯನ್ನೇ ಮಾಡಿದ್ದರು. ಟೆಂಡರ್ ಶ್ಯೂರ್ ಅನ್ನೋ ಯೋಜನೆಯ ರಸ್ತೆಗಳಲ್ಲಿ ಪೈಪು, ಕೇಬಲ್ಲಿಗೆಲ್ಲ ಕೆಳಗೇ ಜಾಗ ಬಿಟ್ಟು ಕಟ್ಟಿದ್ದಾರೆ. ದುಬಾರಿ, ಒಪ್ಪುತ್ತೇನೆ. ಆದರೆ ರೆಸಿಡೆನ್ಸಿ ರಸ್ತೆ ಕಡೆ ಒಮ್ಮೆ ನಡೆದು ನೋಡಿ.

ಮಲ್ನಾಡ್ ಶೆಟ್ರು
ತಾಲ್ಲೂಕು ಊರಿಗೆ ಟೆಂಡರ್ ಶ್ಯೂರ್ ಹೇಳುತ್ತೀರಲ್ಲ ಬಾಬಣ್ಣ. ಇಲ್ಲಿ ಚೇಂಬರ್ ಮುಚ್ಚಳ ಎತ್ತೋಕೆ ಮೂರು ಇಲಾಖೆ.

ಹಳೇ ಎಇಇ
ಮಂಜು, ಹೆದರಬೇಡಿ. ಊರೊಳಗೆ ರಾಜ್ಯ ಹೆದ್ದಾರಿ ಹಾದುಹೋದರೆ ಡಾಂಬರು ಲೋಕೋಪಯೋಗಿ ಇಲಾಖೆಯದ್ದು, ನಿಜ. ಆದರೆ ಯುಜಿಡಿ ಹಸ್ತಾಂತರ ಆಗಿದ್ದರೆ ಚೇಂಬರ್ ನಗರಸಭೆಯದ್ದು. ಹಸ್ತಾಂತರ ಆಗಿದೆಯಾ ಅಂತ ಕೇಳಿ, ಅದಕ್ಕೆ ಕಾಗದ ಇರಲೇಬೇಕು. ಒಂದೇ ಅರ್ಜಿ ಬರೆದು ಪೌರಾಯುಕ್ತರಿಗೆ, ಲೋಕೋಪಯೋಗಿ ಎಇಇಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಇಬ್ಬರಿಗೂ ಕೊಡಿ. ಅದರ ಒಂದು ಪ್ರತಿ ಜಿಲ್ಲಾಧಿಕಾರಿಗೆ. ಜಿಲ್ಲೆಯ ರಸ್ತೆ ಸುರಕ್ಷತಾ ಸಮಿತಿಗೆ ಡಿಸಿ ಅಧ್ಯಕ್ಷರು, ಎಸ್‌ಪಿಯೂ ಅದರಲ್ಲಿರುತ್ತಾರೆ. "ಸಮಿತಿಯ ಮುಂದಿನ ಸಭೆಗೆ ಇಡಬೇಕಾಗಿ ಕೋರಿಕೆ" ಅಂತ ಒಂದು ಸಾಲು ಸೇರಿಸಿ. ಸಭೆಯ ನಡಾವಳಿಯಲ್ಲಿ ಬಂದರೆ ಆಮೇಲೆ ಯಾರೂ ತಮಗೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ.

ಕಪ್ಪು ಕೋಟು
ಸರ್ ಹೇಳಿದ್ದೇ ಸರಿ. ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿ ಮೇಲೆ ತಾರೀಖಿನ ಸೀಲು ಹಾಕಿಸಿಕೊಳ್ಳಿ. ಆ್ಯಪ್‌ನಲ್ಲಿ, ವಾಟ್ಸಾಪ್‌ನಲ್ಲಿ ಹಾಕಿದ್ದು ಜತೆಗೆ ಇರಲಿ, ಅದರ ಮೇಲೇ ನಿಲ್ಲಬೇಡಿ. ಮುಂದೆ ಅದೇ ಚೇಂಬರ್‌ಗೆ ಬೇರೆ ಯಾರಾದರೂ ಬಿದ್ದರೆ ಆ ಸೀಲೇ ಸಾಕ್ಷಿ. ಚಿಕ್ಕಪ್ಪನ ಆಸ್ಪತ್ರೆ ಚೀಟಿ, ಎಕ್ಸ್‌ರೇ, ಜಾಗದ ಫೋಟೋ ಇಟ್ಟುಕೊಳ್ಳಿ. ಫೋಟೋದಲ್ಲಿ ಅಂಗಡಿ ಬೋರ್ಡೋ ಕಂಬದ ನಂಬರೋ ಕಾಣಲಿ. ಆಳಕ್ಕೆ ಒಂದು ಸ್ಕೇಲ್ ನಿಲ್ಲಿಸಿ ತೆಗೆಯಿರಿ.

ಇನ್ನೊಂದು ವಿಷಯ, ಎಲ್ಲ ಬೈಕ್ ಸವಾರರಿಗೆ. ಗುಂಡಿಗೆ ಒಬ್ಬರೇ ಬಿದ್ದರೆ ಎದುರು ವಾಹನ ಇರಲ್ಲ, ಥರ್ಡ್ ಪಾರ್ಟಿ ಇನ್ಶೂರೆನ್ಸ್ ಉಪಯೋಗಕ್ಕೆ ಬರಲ್ಲ. ಮಾಲೀಕರ ಹೆಸರಿನ ಪರ್ಸನಲ್ ಆ್ಯಕ್ಸಿಡೆಂಟ್ ಕವರ್ ಬರುತ್ತದೆ, 2018ರಿಂದ ಅದು 15 ಲಕ್ಷ. ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಮಾತ್ರ. ಆರ್‌ಸಿ ಅವರ ಹೆಸರಲ್ಲೇ ಇರಬೇಕು, ಡಿಎಲ್ ಚಾಲ್ತಿಯಲ್ಲಿರಬೇಕು. ಪಾಲಿಸಿ ತೆಗೆದು ನೋಡಿ, ಎಷ್ಟೋ ಜನ ನೂರಾರು ರೂಪಾಯಿ ಉಳಿಸೋಕೆ ಅದನ್ನ ಬಿಡಿಸಿರುತ್ತಾರೆ.

ಎರೆಮಣ್ಣು
ಮೇಡಂ, ನಮ್ಮ ಊರಿನ ಆ್ಯಪ್‌ನಾಗೆ ನಾನೂ ದೂರು ಹಾಕಿದ್ದೆ. "ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು. ಫೋಟೋ ನೋಡಿದರೆ ಬೇರೆ ಯಾವುದೋ ಬೀದಿ. ದೂರು ಮುಚ್ಚಿದರು, ಗುಂಡಿ ಹಂಗೇ ಇದೆ.

ರೈಡರ್ ರಘು
ಈಗಷ್ಟೇ ನನ್ನ ಪಾಲಿಸಿ ನೋಡಿದೆ. ಪಿಎ ಕವರ್ ಇಲ್ಲ. ಏಜೆಂಟ್‌ಗೆ ಫೋನ್ ಮಾಡುತ್ತಿದ್ದೇನೆ.

ಯಾರ್ಕ್‌ಷೈರ್ ಗೌಡ
ಮಂಜು, ಆರ್‌ಟಿಐನಲ್ಲಿ ತಪಾಸಣೆ ರಿಜಿಸ್ಟರ್ ಕೇಳಬಹುದಲ್ಲವಾ? ಇಲ್ಲಿ ಜನ ಮೊದಲು ಮಾಡೋದೇ ಅದು.

ಕೆರೆಬೀದಿ ಮಂಜು
ಬರೆದೇ ಇಟ್ಟಿದ್ದೇನೆ. ಎರಡು ಪುಟ ಆಗಿದೆ. "ಯಾಕೆ ಇದುವರೆಗೆ ಸರಿ ಮಾಡಿಲ್ಲ, ಯಾರು ಜವಾಬ್ದಾರಿ, ನನ್ನ ಚಿಕ್ಕಪ್ಪನ ಗತಿ ಏನು" ಅಂತೆಲ್ಲ ಕೇಳಿದ್ದೇನೆ.

ಹಳೇ ಎಇಇ
ಅದನ್ನ ಹಾಗೇ ಕೊಟ್ಟರೆ ವಾಪಸ್ ಬರುತ್ತದೆ. ಕರ್ನಾಟಕದ ಆರ್‌ಟಿಐ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದ ಮಿತಿ. "ಯಾಕೆ" ಅಂತ ಕೇಳಿದರೆ ಅದು ಮಾಹಿತಿ ಅಲ್ಲ ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ದಾಖಲೆ ಕೇಳಿ. ಆ ರಸ್ತೆಯನ್ನ ಹೋದ ಒಂದು ವರ್ಷದಲ್ಲಿ ಪರಿಶೀಲಿಸಿದ ದಿನಾಂಕ ಮತ್ತು ವರದಿಯ ನಕಲು. ಕೊನೆಯ ಡಾಂಬರೀಕರಣದ ಕಾರ್ಯಾದೇಶ, ಎಂ.ಬಿ. ಪುಟ, ಡಿಎಲ್‌ಪಿ ಮುಗಿಯುವ ದಿನಾಂಕ. ಯುಜಿಡಿ ಹಸ್ತಾಂತರ ಪತ್ರ. ಇಷ್ಟೇ ಸಾಕು.

ಮಲ್ನಾಡ್ ಶೆಟ್ರು
"ಅಂಥ ದಾಖಲೆ ಕಚೇರಿಯಲ್ಲಿ ಲಭ್ಯವಿಲ್ಲ" ಅಂತ ಬರುತ್ತೆ ನೋಡಿ, ಬರೆದಿಟ್ಟುಕೊಳ್ಳಿ.

ಕಪ್ಪು ಕೋಟು
ಬರಲಿ ಶೆಟ್ಟರೇ. ಒಂದು ವರ್ಷ ಯಾರೂ ಆ ರಸ್ತೆ ನೋಡಿಲ್ಲ ಅಂತ ಸರ್ಕಾರಿ ಲೆಟರ್‌ಹೆಡ್ ಮೇಲೆ, ಸಹಿ ಸೀಲು ಸಮೇತ ಬರೆದುಕೊಟ್ಟ ಹಾಗಾಯಿತು. ಅದಕ್ಕಿಂತ ಒಳ್ಳೆ ದಾಖಲೆ ಮಂಜುಗೆ ಯಾರು ಕೊಡುತ್ತಾರೆ?

ಗುಂಡಿ ಗುಂಡಣ್ಣ
ವಕೀಲರ ತಲೆ ಅಂದರೆ ಇದು!

ಕೆರೆಬೀದಿ ಮಂಜು
ಎರಡು ಪುಟ ಕತ್ತರಿಸಿ ಅರ್ಧ ಪುಟ ಮಾಡಿದೆ. ಎರಡು ಕಚೇರಿಗೆ ಬೇರೆ ಬೇರೆ ಅರ್ಜಿ. ನಾಳೆ ಕೊಡುತ್ತೇನೆ. 10 ರೂಪಾಯಿ ಫೀಸಿಗೆ ಪೋಸ್ಟಲ್ ಆರ್ಡರ್ ತರಬೇಕಾ?

ಹಳೇ ಎಇಇ
ಕೈಯಲ್ಲೇ ಕೊಡುವುದಾದರೆ ನಗದು ಕಟ್ಟಿ ರಸೀದಿ ತೆಗೆದುಕೊಳ್ಳಿ. ರಸೀದಿ ನಂಬರ್ ಅರ್ಜಿಯ ಮೇಲೆ ಬರೆಯಿರಿ. 30 ದಿನಕ್ಕೆ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ.

ವಾಣಿ ಟೀಚರ್
ಬಿಪಿಎಲ್ ಕಾರ್ಡ್ ಇದ್ದರೆ 10 ರೂಪಾಯಿಯೂ ಬೇಡ. ನಮ್ಮ ಸ್ಕೂಲ್ ಮುಂದಿನ ಚೇಂಬರ್‌ಗೂ ಇದೇ ಅರ್ಜಿ ಹಾಕುತ್ತೇನೆ. ಮಂಜು, ಅರ್ಧ ಪುಟದ್ದು ಇಲ್ಲಿ ಹಾಕಿ.

ಪೆಂಡಾಲ್ ಪುಟ್ಟ
ನನಗೂ ಕಳಿಸಿ ಮಂಜಣ್ಣ. ಹೆಸರು ಅಳಿಸಿ ಹಾಕಿ ಮತ್ತೆ.